ಜನರನ್ನು ನಗಿಸೋಕೆ ಬರದವರು ಕ್ಲೌನಿಂಗ್ ಶಿಬಿರಕ್ಕೆ ಹೋಗಬಹುದಾ?

ಕೊಪ್ಪಳದಲ್ಲಿ ಇಂಪ್ರೊವ್ (ಮೊದಲೇ ಬರೆದಿಟ್ಟುಕೊಳ್ಳದೆ ಅಲ್ಲೇ ಕಟ್ಟೋ ನಾಟಕ) ಮತ್ತು ಕ್ಲೌನಿಂಗ್ (ವಿದೂಷಕನ ಆಟ) ಶಿಬಿರ ಇದೆ, ನಾನು ನಾಚಿಕೆ ಸ್ವಭಾವದವನು, ಒಂದಿಷ್ಟು ಜೋಕು ಕಲಿತುಕೊಂಡು ಹೋಗಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ. ಹಾಗೆ ಕಲಿತು ಹೋಗಿ ಕೆಟ್ಟವನು ನಾನು.

ನಂದು ಬಳ್ಳಾರಿ. ಬೇಸಿಗೆಯಲ್ಲಿ, ಸಂಜೆ ಹೊತ್ತು, ಒಂದು ಶಾಲೆಯ ಹಾಲ್‌ನಲ್ಲಿ ಶಿಬಿರ. ಫ್ಯಾನ್ ತಿರುಗಿದರೂ ಬರೋದು ಬಿಸಿಗಾಳಿಯೇ. ಆಫೀಸಿನಲ್ಲಿ ಮಿಮಿಕ್ರಿ ಅಂದರೆ ನಾನೇ, ಯಾರದೇ ಬೀಳ್ಕೊಡುಗೆ ಇದ್ದರೂ ಮೈಕ್ ನನ್ನ ಕೈಗೇ. ಆ ಹಮ್ಮಿನಲ್ಲೇ ಹೋದೆ. ನನಗೆ ಜೋಡಿಯಾಗಿ ಸಿಕ್ಕಿದ್ದು ಕೌಲ್‌ಬಜಾರ್ ಕಡೆ ಜೀನ್ಸ್ ಹೊಲಿಯೋ ಒಬ್ಬ ಅಕ್ಕ. ಮಗಳನ್ನು ಬಿಡೋಕೆ ಬಂದವರು, ಶಿಬಿರದವರು ಒತ್ತಾಯ ಮಾಡಿದರು ಅಂತ ಒಳಗೇ ಉಳಿದಿದ್ದರು.

ಆಟ ಸರಳ. ಒಬ್ಬರು ಏನಾದರೂ ಶುರು ಮಾಡಬೇಕು, ಇನ್ನೊಬ್ಬರು ಅದನ್ನು ಒಪ್ಪಿಕೊಂಡು ಮುಂದುವರಿಸಬೇಕು. ನನ್ನ ತಲೆಯಲ್ಲಿ ಬ್ಯಾಂಕ್ ಸಾಲದ ಮೇಲೆ ಒಂದು ತಮಾಷೆ ರೆಡಿ ಇತ್ತು. ಅಕ್ಕ ಬಗ್ಗಿ, ಅಲ್ಲಿ ಇಲ್ಲದ ಒಂದು ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಸೊಂಟಕ್ಕೆ ಆನಿಸಿಕೊಂಡರು. ಭಾರಕ್ಕೆ ಒಂದು ಭುಜ ಇಳಿಯಿತು. "ತಮ್ಮಾ, ಸಿರುಗುಪ್ಪ ಬಸ್ ಬಂತು ನೋಡು, ಆ ಚೀಲ ಹಿಡ್ಕ" ಅಂದರು.

"ಬಸ್ ಎಲ್ಲೈತಕ್ಕಾ? ಇದು ಬ್ಯಾಂಕು! ಸಾಲ ಕಟ್ಟಾಕ ಬಂದೀಯೇನು?" ಅಂದೆ ನಾನು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕನ ಕೈ ಮಾತ್ರ ಆ ಗಂಟನ್ನು ಹಿಡಿದೇ ಇತ್ತು. ಎಲ್ಲಿ ಇಳಿಸಬೇಕೋ ಗೊತ್ತಾಗದೆ ಸ್ವಲ್ಪ ಹೊತ್ತು ನಿಂತು, ಸೆರಗು ಸರಿ ಮಾಡಿಕೊಳ್ಳೋ ನೆಪದಲ್ಲಿ ಬಿಟ್ಟರು.

ಇಲ್ಲಿ ನನ್ನ ತಪ್ಪು ಜೋಕು ಹೊಡೆದದ್ದಲ್ಲ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳ್ತೀನಿ, ಯಾಕಂದ್ರೆ ನನಗೇ ಅರ್ಥ ಆಗೋಕೆ ಬಹಳ ದಿನ ಹಿಡಿಯಿತು. ಆ ಒಂದೇ ಮಾತಿನಲ್ಲಿ ಅಕ್ಕ ನನಗೆ ಬಸ್ ಸ್ಟ್ಯಾಂಡ್ ಕೊಟ್ಟರು, ಹೋಗೋ ಊರು ಕೊಟ್ಟರು, ಕೈಗೊಂದು ಚೀಲ ಕೊಟ್ಟರು, ತಮ್ಮಾ ಅಂದು ಸಂಬಂಧವನ್ನೂ ಕೊಟ್ಟರು. ಅಷ್ಟನ್ನೂ ಒದ್ದು ನನ್ನ ಹಳಸಲು ಬ್ಯಾಂಕನ್ನು ತಂದಿಟ್ಟೆ. ಅವರ ಮಾತು ಕಿವಿಗೆ ಬಿದ್ದಿತ್ತು, ಆದರೆ ನಾನು ಕಾಯ್ತಾ ಇದ್ದದ್ದು ಅದು ಯಾವಾಗ ಮುಗಿಯುತ್ತೆ ಅಂತ. ಸುಮ್ಮನೆ ಚೀಲ ಎತ್ತಿ "ಏನೈತಕ್ಕಾ ಇದ್ರಾಗ, ಇಷ್ಟು ಭಾರ?" ಅಂದಿದ್ದರೆ ಸಾಕಿತ್ತು, ನಾಟಕ ತಾನೇ ಹುಟ್ಟುತ್ತಿತ್ತು. ಜೊತೆಗಾರರು ಕೊಟ್ಟದ್ದನ್ನು ಹೀಗೆ ಒದೆಯೋದಕ್ಕೆ ಇಂಪ್ರೊವ್ ಕಲಿಸಿದ ಕೀತ್ ಜಾನ್‌ಸ್ಟನ್ 'ಬ್ಲಾಕ್', ಅಂದರೆ ತಡೆ, ಅಂತ ಹೆಸರಿಟ್ಟಿದ್ದಾರೆ. ಜನ ನಕ್ಕರಲ್ಲ, ಅದೇ ನನ್ನನ್ನು ಇನ್ನಷ್ಟು ಹಾಳು ಮಾಡಿತು. ಗೆದ್ದೆ ಅಂದುಕೊಂಡೆ.

ಮರುದಿನ ಅಕ್ಕ ಬರಲಿಲ್ಲ, ಮಗಳೂ ಬರಲಿಲ್ಲ. ಜೋಡಿ ಮಾಡಿಕೊಳ್ಳಿ ಅಂದಾಗ ಉಳಿದವರು ನನ್ನ ಕಡೆ ನೋಡ್ತಾನೇ ಇರಲಿಲ್ಲ. ಕೊನೆಯ ದಿನದ ಪ್ರದರ್ಶನದಲ್ಲಿ ನನಗೆ ಸಿಕ್ಕಿದ್ದು ಲೈಟ್ ಸ್ವಿಚ್ ಹಾಕೋ ಕೆಲಸ.

ಇನ್ನು ನಿಮ್ಮ 'ನಗಿಸೋಕೆ ಬರಲ್ಲ' ಅನ್ನೋ ಮಾತು. ಅದು ಕೊರತೆ ಅಂತ ಯಾರು ಹೇಳಿದ್ದು? 1956ರಲ್ಲಿ ಪ್ಯಾರಿಸ್‌ನಲ್ಲಿ ರಂಗಶಾಲೆ ತೆರೆದ ಜಾಕ್ ಲೆಕಾಕ್ ಒಮ್ಮೆ ವಿದ್ಯಾರ್ಥಿಗಳಿಗೆ, ಒಬ್ಬೊಬ್ಬರೇ ಬಂದು ನಗಿಸಿ ಅಂದರಂತೆ. ಲಾಗ ಹಾಕಿದರು, ಏನೇನೋ ಸರ್ಕಸ್ ಮಾಡಿದರು, ಯಾರೂ ನಗಲಿಲ್ಲ. ಸೋತು, ಪೆಚ್ಚು ಮೋರೆ ಹಾಕಿಕೊಂಡು ಹೋಗಿ ಕೂತರು ನೋಡಿ, ಆಗ ನಗು ಬಂತು. ಅವರ ಕ್ಲೌನ್ ಪಾಠ ಶುರುವಾದದ್ದೇ ಅಲ್ಲಿಂದ. ಅಂದರೆ ಆ ಪೆಚ್ಚುತನವೇ ಬಂಡವಾಳ, ಅದು ನಿಮ್ಮ ಹತ್ತಿರ ಆಗಲೇ ಇದೆ. ನನ್ನಂಥ ಮಿಮಿಕ್ರಿಯವರು ಅದನ್ನು ಮುಚ್ಚಿಡೋದರಲ್ಲೇ ಆಯುಷ್ಯ ಕಳೆದಿರ್ತೀವಿ.

ಇದೇನೋ ಹೊರದೇಶದ್ದು, ನಮಗೆ ಒಗ್ಗಲ್ಲ ಅಂತಲೂ ಅಂದುಕೊಳ್ಳಬೇಡಿ. ಬಯಲಾಟದಲ್ಲಿ ಸಾರಥಿಯನ್ನು ನೋಡಿಲ್ವಾ? ರಾಜ ಅಬ್ಬರಿಸಿಕೊಂಡು ಬರ್ತಾನೆ, ಸಾರಥಿ ತಾವು ಯಾರು, ಯಾವೂರು ಅಂತ ವಿಚಾರಿಸ್ತಾನೆ. ಒಳ್ಳೆಯ ಸಾರಥಿ ರಾಜನ ಬಾಯಿಂದ ಬಿದ್ದ ಮಾತನ್ನೇ ಹಿಡಿದು ಎಳೀತಾನೆ, ತನ್ನದನ್ನು ತುರುಕಲ್ಲ. ತೊಗಲುಗೊಂಬೆ ಆಟದಲ್ಲಿ ರಾಮಾಯಣದ ನಡುವೆ ನುಗ್ಗೋ ಕಿಳ್ಳೇಕ್ಯಾತನೂ ಕ್ಲೌನೇ. 2025ರಲ್ಲಿ ಪದ್ಮಶ್ರೀ ಬಂದ ಗೊಂಬೆಯಾಟದ ಅಜ್ಜಿ ಭೀಮವ್ವ ಶಿಳ್ಳೇಕ್ಯಾತರ ನಿಮ್ಮ ಕೊಪ್ಪಳ ಜಿಲ್ಲೆಯವರೇ.

ಮೊದಲ ದಿನವೇ ಕೆಂಪು ಮೂಗು ಹಂಚಿ ಫೋಟೋ ಹೊಡೆಸೋ ಶಿಬಿರ ಆದರೆ ನಾನಾದರೆ ವಾಪಸ್ ಬರ್ತೀನಿ. ಆ ಮೂಗಿನೊಳಗೆ ಬೆವರು ಬಿಟ್ಟರೆ ಏನೂ ಇರಲ್ಲ. ಅದಕ್ಕಿಂತ ಮುಂಚೆ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲಿಸಬೇಕು, ಜೊತೆಗಾರರ ನಡಿಗೆ ಅನುಸರಿಸೋಕೆ ಹೇಳಬೇಕು. ಶುಲ್ಕ, ಸರ್ಟಿಫಿಕೇಟ್ ಬಗ್ಗೆ ಕೇಳಿದ್ದೀರಿ, ಅದು ದೊಡ್ಡ ವಿಷಯವೇ ಅಲ್ಲ.

ಹೋಗಿ. ಸಡಿಲ ಪ್ಯಾಂಟ್ ಹಾಕ್ಕೊಳ್ಳಿ. ಸಂಜೆ ಶಿಬಿರ ಇದ್ದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿಯನ್ನು ಶಿಬಿರ ಮುಗಿದ ಮೇಲೇ ತಿನ್ನಿ, ನೆಲದ ಮೇಲೆ ಉರುಳಾಡಿಸ್ತಾರೆ.