ವಿಜಯಪುರದ ನಮ್ಮ ಇಬ್ಬರು ಸಂಬಂಧಿಕರಿಗೆ ಶ್ವಾಸಕೋಶದ ಕ್ಯಾನ್ಸರ್. ಇಬ್ಬರಿಗೂ ಒಂದೇ ಇಮ್ಯುನೋಥೆರಪಿ ಕೊಟ್ಟರೂ ಒಬ್ಬರಿಗೆ ಮಾತ್ರ ಔಷಧಿ ನಾಟಿದ್ದೇಕೆ?

ಒಂದು ಕಾರಣ, ಎಚ್‌ಎಲ್‌ಎ ಎಂಬ ಜೀನ್‌ಗಳು ಒಬ್ಬೊಬ್ಬರಲ್ಲಿ ಒಂದೊಂದು ತರಹ ಇರುವುದು. ಅವುಗಳಲ್ಲಿ ವೈವಿಧ್ಯ ಜಾಸ್ತಿ ಇದ್ದಷ್ಟೂ ದೇಹಕ್ಕೆ ಕ್ಯಾನ್ಸರ್ ಕೋಶದ ಗುರುತು ಸಿಗುವ ಅವಕಾಶ ಹೆಚ್ಚು.

ಈ ಔಷಧಿ ತಾನೇ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ರೋಗದ ವಿರುದ್ಧ ಹೋರಾಡುವ ಟಿ-ಕೋಶಗಳ ಬ್ರೇಕ್ ತೆಗೆಯುತ್ತದೆ, ಅಷ್ಟೇ. ಕ್ಯಾನ್ಸರ್ ಕೋಶ ಯಾವುದೆಂದು ಟಿ-ಕೋಶವೇ ಗುರುತಿಸಬೇಕು. ಹೆಚ್ಚುಕಡಿಮೆ ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನ್ ಚೂರುಗಳನ್ನು, ಈ ಜೀನ್‌ಗಳು ತಯಾರಿಸುವ ಎಚ್‌ಎಲ್‌ಎ ಪ್ರೋಟೀನ್ ಮೇಲಿಟ್ಟು ಹೊರಗೆ ತೋರಿಸುತ್ತದೆ. ಆದರೆ ಒಂದೊಂದು ಎಚ್‌ಎಲ್‌ಎ ಕೆಲವು ಬಗೆಯ ಚೂರುಗಳನ್ನಷ್ಟೇ ಹಿಡಿಯಬಲ್ಲದು. ಇವುಗಳಲ್ಲಿ ಮುಖ್ಯವಾದ ಎ, ಬಿ, ಸಿ ಜೀನ್‌ಗಳ ಒಂದೊಂದು ಪ್ರತಿ ಅಪ್ಪನಿಂದ, ಒಂದೊಂದು ಅವ್ವನಿಂದ ಬರುತ್ತದೆ. ಆರೂ ಬೇರೆ ಬೇರೆ ಇದ್ದರೆ ಜಾಸ್ತಿ ಬಗೆಯ ಚೂರು ಕಾಣುತ್ತವೆ. ಎರಡೂ ಕಡೆಯಿಂದ ಒಂದೇ ಬಂದಿದ್ದರೆ ಕೆಲವು ಕಾಣದೇ ಉಳಿಯುತ್ತವೆ.

2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, 1,500ಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ, ಮೂರೂ ಜೀನ್‌ಗಳ ಜೋಡಿ ಬೇರೆ ಬೇರೆ ಇದ್ದವರು ಹೆಚ್ಚು ಕಾಲ ಬದುಕಿದ್ದರು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಇದು ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಇದೆ, ಅಲ್ವಾ? ಅಂಥ ಮದುವೆಯ ಮಕ್ಕಳಲ್ಲಿ ಎರಡೂ ಪ್ರತಿ ಒಂದೇ ಆಗುವ ಸಾಧ್ಯತೆ ಜಾಸ್ತಿ. ಹಾಗಂತ ಸುಮ್ನೆ ಹೆದರಿ ಚಿಕಿತ್ಸೆ ಬಿಡಬೇಡಿ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ವೈದ್ಯರು ಸಾಮಾನ್ಯವಾಗಿ ನೋಡುವುದು ಗಡ್ಡೆಯಲ್ಲಿ ಪಿಡಿ-ಎಲ್1 ಪ್ರೋಟೀನ್ ಎಷ್ಟಿದೆ, ಗಡ್ಡೆಯ ಜೀನ್‌ಗಳು ಹೇಗೆ ಬದಲಾಗಿವೆ ಎಂಬುದನ್ನು, ಎಚ್‌ಎಲ್‌ಎಯನ್ನಲ್ಲ.