ರಾತ್ರಿ ದೋಣಿಯನ್ನು ಎಲ್ಲಿ ನಿಲ್ಲಿಸುತ್ತಾರೆ?

ಪ್ರಶ್ನೆ: ನನ್ನ ಮಗ ಇನ್ನೂ ಮೂವರ ಜೊತೆ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ಸಾಗರ ದಾಟುತ್ತಾನಂತೆ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ. ರಾತ್ರಿ ದೋಣಿಯನ್ನು ಎಲ್ಲಿ ನಿಲ್ಲಿಸುತ್ತಾರೆ? ಏನು ತಿನ್ನುತ್ತಾರೆ? ಕೇಳಿದರೆ ‘ಸುಮ್ಮನಿರಮ್ಮ’ ಎನ್ನುತ್ತಾನೆ. ನೀವು ಅದೇ ದಾರಿಯಲ್ಲಿ ಹೋಗಿದ್ದವರೆಂದು ಇದೇ ಅಂಕಣದಲ್ಲಿ ಓದಿದ್ದೆ.
– ಒಬ್ಬ ತಾಯಿ, ಪಾಂಡವಪುರ

ಉತ್ತರ: ತಾಯಿ, ನಿಲ್ಲಿಸುವುದೇ ಇಲ್ಲ. ಕನ್ನಂಬಾಡಿ ತುಂಬಿದರೆ 124.80 ಅಡಿ ಎಂಬುದು ನಿಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಅಟ್ಲಾಂಟಿಕ್‌ನ ಸರಾಸರಿ ಆಳವೇ ಮೂರು ಕಿಲೋಮೀಟರಿಗಿಂತ ಹೆಚ್ಚು. ಲಂಗರು ಯಾವ ನೆಲ ಹಿಡಿಯಬೇಕು? ಹಗಲೂ ರಾತ್ರಿಯೂ ಗಾಳಿ ತಳ್ಳಿದಂತೆ ಹೋಗುತ್ತಲೇ ಇರಬೇಕು. ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ವೇಗವೋ, ಮಂಡ್ಯದಿಂದ ಮೈಸೂರಿಗೆ ನಿಧಾನವಾಗಿ ಸೈಕಲ್ ತುಳಿದಷ್ಟು.

ಕಾವಲಿಗೆ ಸರದಿ ಇರುತ್ತದೆ. ನಾವೂ ನಾಲ್ವರಿದ್ದೆವು. ಮೂರು ಗಂಟೆ ಪಾಳಿ, ಒಂಬತ್ತು ಗಂಟೆ ಬಿಡುವು. ನನ್ನದು ರಾತ್ರಿ ಹನ್ನೆರಡರಿಂದ ಮೂರು. ಚುಕ್ಕಾಣಿಯನ್ನು ಯಂತ್ರ ನೋಡಿಕೊಳ್ಳುತ್ತದೆ. ಆದರೆ ಹದಿನೈದು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ಕಣ್ಣಾಡಿಸಲೇಬೇಕು, ಏಕೆಂದರೆ ದಿಗಂತದ ಅಂಚಿನಲ್ಲಿ ದೀಪವಾಗಿ ಕಂಡ ದೊಡ್ಡ ಹಡಗು ಇಪ್ಪತ್ತು ನಿಮಿಷದಲ್ಲಿ ಮೈಮೇಲೆ ಬರಬಹುದು. ಇನ್ನು ನಿಮ್ಮ ಮಗನಿಂದ ಒಂದು ಮಾತು ತೆಗೆದುಕೊಳ್ಳಿ: ರಾತ್ರಿ ಒಳಗಿನಿಂದ ದೋಣಿಯ ಮೇಲ್ಭಾಗಕ್ಕೆ ಹೋದಾಗ ಎದೆಗೆ ಕಟ್ಟುವ ಸುರಕ್ಷಾ ಪಟ್ಟಿಯ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸದೆ ಒಂದು ಹೆಜ್ಜೆಯೂ ಇಡಬಾರದು. ಬಿರುಗಾಳಿಗಿಂತ ನನಗೆ ಹೆದರಿಕೆ ಇದ್ದದ್ದು ನಿದ್ದೆಗಣ್ಣಿನ ಆ ಒಂದು ಹೆಜ್ಜೆಗೆ.

ಬೆನ್ನ ಹಿಂದಿನಿಂದ ಬೀಸುವ ಗಾಳಿಗೆ ದೋಣಿ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ. ಹಾಸಿಗೆಯ ಪಕ್ಕಕ್ಕೆ ಬಟ್ಟೆ ಬಿಗಿದು ತೊಟ್ಟಿಲಿನ ಮಗುವಿನ ಹಾಗೆ ಮಲಗಬೇಕು. ಮೊದಲ ಎರಡು ಮೂರು ದಿನ ಹೊಟ್ಟೆ ತೊಳಸುತ್ತದೆ. ಹೆಚ್ಚಿನವರಿಗೆ ಆಮೇಲೆ ತಾನಾಗಿಯೇ ಹೋಗುತ್ತದೆ.

ಊಟದ ವಿಷಯ. ನಾಲ್ಕನೆಯ ದಿನ ನನಗೆ ಮುದ್ದೆಯ ಹುಚ್ಚು ಹಿಡಿಯಿತು. ಒಲೆ ಉಯ್ಯಾಲೆಯಂತೆ ತೂಗುಹಾಕಿದ್ದು. ದೋಣಿ ವಾಲಿದರೂ ಪಾತ್ರೆ ಮಟ್ಟಸವಾಗಿರುತ್ತದೆ. ಕುಕ್ಕರಿಗೆ ಅರ್ಧ ನೀರು ಹಾಕಿ ಕುದಿಸಿ ಹಿಟ್ಟು ಸುರಿದೆ. ಕೋಲು ಊರಿ ಒತ್ತಿದೆ ನೋಡಿ, ಒಲೆಯೇ ಹಿಂದಕ್ಕೆ ತೂಗಿತು. ಅಲುಗದಂತೆ ಚಿಲಕ ಹಾಕಿದರೆ ಕುದಿಯುವ ಹಿಟ್ಟು ನನ್ನತ್ತ ವಾಲಿತು. ನಾವಿಕರಲ್ಲಿ ‘ಒಂದು ಕೈ ನಿನಗೆ, ಒಂದು ಕೈ ದೋಣಿಗೆ’ ಎನ್ನುತ್ತಾರೆ. ಮುದ್ದೆಗೋ ಎರಡೂ ಕೈ ಬೇಕು! ಸೊಂಟಕ್ಕೆ ಬೆಲ್ಟ್ ಬಿಗಿದು ಅಡುಗೆಕಟ್ಟೆಗೆ ಕಟ್ಟಿಕೊಂಡು ತಿರುವಿದರೂ ಗಂಟು ಗಂಟಾಯಿತು. ಮರುದಿನದಿಂದ ಅಂಬಲಿ. ಲೋಟದಲ್ಲಿ ಕುಡಿಯಬಹುದು, ಚೆಲ್ಲಿದರೂ ಸುಡುವಷ್ಟಿಲ್ಲ.

ಹಿಂಬದಿಯಲ್ಲಿ ಬಾಳೆಗೊನೆ ನೇತುಹಾಕಿದ್ದೆವು. ಎಂಟನೆಯ ದಿನ ಇಡೀ ಗೊನೆ ಒಟ್ಟಿಗೇ ಹಣ್ಣಾಗಿ ಎರಡು ದಿನ ರಸಾಯನವೇ ಗತಿಯಾಯಿತು. ಬೆಳಗಾದರೆ ಹಾರುವ ಮೀನುಗಳು ಮೇಲೆ ಬಿದ್ದು ಸತ್ತಿರುತ್ತಿದ್ದವು; ನಾನು ಮುಟ್ಟಲಿಲ್ಲ, ಜೊತೆಯವರು ಹುರಿದು ತಿಂದರು. ಪಾತ್ರೆಗೂ ಮೈಗೂ ಸಮುದ್ರದ ನೀರು, ಸಿಹಿನೀರು ಕುಡಿಯುವುದಕ್ಕೆ, ಅಡುಗೆಗೆ ಮಾತ್ರ. ಮಾಮೂಲು ಸೋಪು ಉಪ್ಪುನೀರಿನಲ್ಲಿ ನೊರೆ ಬಿಡುವುದಿಲ್ಲ, ಶಾಂಪೂ ಕೊಟ್ಟು ಕಳುಹಿಸಿ. ಉಪ್ಪು ಹಿಡಿದ ಬಟ್ಟೆ ಎಷ್ಟು ಒಣಗಿಸಿದರೂ ತೇವ ಎಳೆದುಕೊಳ್ಳುತ್ತದೆ. ಹತ್ತಿ ಬಟ್ಟೆ ಬೇಡ.

ಉಪಗ್ರಹ ಸಾಧನವಿದ್ದರೆ ದಿನಕ್ಕೊಂದು ಸಂದೇಶ ಬರಬಹುದು. ಒಂದು ದಿನ ಬಾರದಿದ್ದರೆ ದೇವರಿಗೆ ಹರಕೆ ಹೊರಬೇಡಿ. ಮಗ ಗಾಢ ನಿದ್ದೆಯಲ್ಲಿರುತ್ತಾನೆ, ಇಲ್ಲವೇ ಬ್ಯಾಟರಿ ಇಳಿದಿರುತ್ತದೆ.

ನಿಮ್ಮಿಂದ ಆಗುವ ದೊಡ್ಡ ಉಪಕಾರವೆಂದರೆ ಎರಡು ಕಿಲೋ ರಾಗಿ ಹುರಿಹಿಟ್ಟು. ನಡುರಾತ್ರಿಯ ಪಾಳಿಯಲ್ಲಿ ಒಲೆ ಹಚ್ಚದೆ ಕಲಸಿಕೊಳ್ಳಬಹುದು. ಬೆಲ್ಲದ ಪುಡಿಯನ್ನು ಮಾತ್ರ ಈಗಲೇ ಬೆರೆಸಬೇಡಿ, ಬೇರೆ ಡಬ್ಬಿಯಲ್ಲಿ ಕೊಡಿ. ಬೆರೆಸಿಟ್ಟದ್ದು ಸಮುದ್ರದ ತೇವಕ್ಕೆ ವಾರದೊಳಗೆ ಇಟ್ಟಿಗೆಯಾಗುತ್ತದೆ. ನನ್ನದು ಆಗಿತ್ತು.