ತಂದೆಯ ನೆನಪುಗಳು ಇ-ರೀಡರ್‌ನಲ್ಲಿ

ಪ್ರಶ್ನೆ: ನಮ್ಮ ತಂದೆಯವರು ನಿವೃತ್ತಿಯ ಬಳಿಕ ಬರೆದ ನೆನಪುಗಳನ್ನು ಬಹಳ ಹಿಂದೆ ಮಾಟುಂಗದಲ್ಲಿ ನುಡಿ ಫಾಂಟಿನಲ್ಲಿ ಡಿಟಿಪಿ ಮಾಡಿಸಿದ್ದೆವು. ಲೋಕಲ್ ರೈಲಿನಲ್ಲಿ ಓದೋಣವೆಂದು ಆ ವರ್ಡ್ ಫೈಲನ್ನು ಇ-ರೀಡರ್‌ಗೆ ಕಳುಹಿಸಿದರೆ ಪುಟದ ತುಂಬ ರೋಮನ್ ಅಕ್ಷರಗಳೇ ಕಾಣುತ್ತವೆ. ಕೊಂಡ ಪುಸ್ತಕಗಳನ್ನಲ್ಲದೆ ನಮ್ಮದನ್ನು ಈ ಯಂತ್ರ ಒಪ್ಪುವುದಿಲ್ಲವೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಒಪ್ಪುತ್ತದೆ. ಇಲ್ಲಿ ತೊಡಕಾಗಿರುವುದು ಯಂತ್ರವಲ್ಲ, ಫೈಲಿನ ಅಕ್ಷರಸಂಕೇತ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವನ್ನು ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲಿನ ನುಡಿ, ಬರಹ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆದ್ದರಿಂದ ಆ ಫಾಂಟು ಇಲ್ಲದ ಕಡೆ ‘ಕ’ ಎಂಬ ಒಂದೇ ಅಕ್ಷರವು ‘ಪಿ’ಯಾಗಿ, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ‘ಎ’ಯಾಗಿ ಒಡೆದು ಕಾಣುತ್ತದೆ. ತಮ್ಮ ತಂದೆಯವರ ಒಂದಕ್ಷರವೂ ಕಳೆದುಹೋಗಿಲ್ಲ.

ಫಾಂಟು ಇರುವ ಕಂಪ್ಯೂಟರಿನಲ್ಲಿಯೇ ಫೈಲನ್ನು ತೆರೆದು, ಪುಟದ ಅಳತೆಯನ್ನು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರಕ್ಕೆ ಇಳಿಸಿ, ಅಂಚುಗಳನ್ನು ಕಿರಿದಾಗಿಸಿ, ಪಿಡಿಎಫ್ ಆಗಿ ಉಳಿಸಿಕೊಳ್ಳುವುದು ನನಗೆ ತೋರುವ ಅತ್ಯಂತ ನೆಚ್ಚಿನ ದಾರಿ. 6 ಇಂಚಿನ ಪರದೆಯ ಅಳತೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಎ4 ಪುಟದಂತೆ ಅಕ್ಷರಗಳು ಸಾಸಿವೆಯಷ್ಟಾಗುವುದಿಲ್ಲ. ಪಿಡಿಎಫ್‌ನೊಳಗೆ ಫಾಂಟೂ ಸೇರಿಕೊಳ್ಳುವುದರಿಂದ ಒತ್ತಕ್ಷರಗಳು ತಮ್ಮ ಸ್ಥಾನದಲ್ಲಿಯೇ ನಿಲ್ಲುತ್ತವೆ. ಓದುವಾಗ ಅಕ್ಷರದ ಗಾತ್ರವನ್ನು ಬದಲಿಸಲಾಗದು ಎಂಬುದೊಂದು ಕೊರತೆ. ಆದ್ದರಿಂದ ಮೊದಲು ನಾಲ್ಕು ಪುಟಗಳನ್ನು ಮಾತ್ರ ಮಾಡಿ, ಕಣ್ಣಿಗೆ ಒಪ್ಪುವ ಗಾತ್ರವನ್ನು ಗೊತ್ತುಮಾಡಿಕೊಳ್ಳಿ.

ತಮ್ಮದು ಅಮೆಜಾನ್ ಕಂಪೆನಿಯ ಇ-ರೀಡರ್ ಆದ ಕಿಂಡಲ್ ಆಗಿದ್ದರೆ, ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಅದರ ‘ಡಾಕ್ಯುಮೆಂಟ್ಸ್’ ಫೋಲ್ಡರಿಗೆ ಈ ಪಿಡಿಎಫ್ ಅನ್ನು ನಕಲು ಮಾಡಿದರೆ ಸಾಕು. ಕೊಂಡ ಪುಸ್ತಕಗಳನ್ನು ಜಾಲತಾಣದಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತಾದರೂ ಸ್ವಂತ ಬರಹಗಳಿಗೆ ಆ ನಿರ್ಬಂಧವಿಲ್ಲ. ಕಿಂಡಲ್‌ಗೆಂದೇ ಇರುವ ಇಮೇಲ್ ವಿಳಾಸಕ್ಕೂ ಕಳುಹಿಸಬಹುದು. ಆದರೆ ತಮ್ಮ ವಿಳಾಸವನ್ನು ಖಾತೆಯಲ್ಲಿ ಅನುಮತಿ ಪಡೆದವರ ಪಟ್ಟಿಗೆ ಮೊದಲೇ ಸೇರಿಸಿರಬೇಕು, ಮತ್ತು ಫೈಲು ಕಂಪೆನಿಯ ಸರ್ವರಿನ ಮೂಲಕವೇ ಹಾದುಹೋಗುತ್ತದೆ. ಮನೆಯ ಖಾಸಗಿ ಸಂಗತಿಗಳಿರುವ ಬರಹಕ್ಕೆ ತಂತಿಯೇ ಮೇಲು.

ಬಿಡುವಾದಾಗ ಇಡೀ ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸಿಡಿ ಎಂದು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರವೇ ಮೊದಲು ಬರುತ್ತದೆ. ಹಾಗಾಗಿ ‘ಕರ್ನಾಟಕ’, ‘ವರ್ಷ’ದಂತಹ ಪದಗಳನ್ನು ಮೂಲದೊಡನೆ ಒಂದೊಂದಾಗಿ ಹೋಲಿಸಿ ನೋಡಿ.